ಒಂದು ಚಮಚ ಹೆಪ್ಪಿನ ಬಿಡುಗಡೆ ಕೋರಿ

ಸ್ಥಳ: ಸ್ಯಾಂಡ್‌ವಿಕೆನ್, ಸ್ವೀಡನ್
ದಿನಾಂಕ: 24 ನವೆಂಬರ್ 2025, ಸೋಮವಾರ

ಇಂದ,
ಸಿಂಧೂರ,
ಸಂಚಾಲಕಿ, ಮಕ್ಕಳ ವಿಜ್ಞಾನ ಮೇಳ,
ಬಡಗಣ ಕನ್ನಡ ಬಳಗ, ಸ್ಯಾಂಡ್‌ವಿಕೆನ್.

ಗೆ,
ಶ್ರೀಯುತ ರಾಮಮೂರ್ತಿಯವರು,
ಮುಖ್ಯ ತೀರ್ಪುಗಾರರು, ಸದರಿ ಮೇಳ,
ಅರ್ಜಿದಾರಳ ಮನೆಯಿಂದ ಆರು ನಿಮಿಷದ ದಾರಿ (ಹಿಮ ಬಿದ್ದಿದ್ದರೆ ಒಂಬತ್ತು).

ಮೂಲಕ: ಶ್ರೀಮತಿ ಮಾಲತಿಯವರು, ತೀರ್ಪುಗಾರರ ಧರ್ಮಪತ್ನಿ. ಇವರು ಸಮಯ ಸಂದರ್ಭ ನೋಡಿ, ಅಂದರೆ ಊಟ ಆದ ಮೇಲೆ, ಅರ್ಜಿಯನ್ನು ತಮ್ಮ ಮುಂದಿಡುವುದಾಗಿ ಮಾತು ಕೊಟ್ಟಿದ್ದಾರೆ.

ವಿಷಯ: ಮೇಳದ ದಿನ ತಾವು ವಶಪಡಿಸಿಕೊಂಡ ಪಾತ್ರೆ ‘ಇ’ಯಲ್ಲಿರುವ ಮೊಸರಿನಿಂದ ಒಂದು ಚಮಚ ಹೆಪ್ಪನ್ನು ಇದೇ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಯೊಳಗೆ ಬಿಡಿಸಿಕೊಡುವ ಬಗ್ಗೆ.

ಉಲ್ಲೇಖ:
1) ದಿನಾಂಕ 17ರಂದು ತಾವು ಫೋನಿನಲ್ಲಿ ನೀಡಿದ ಮೌಖಿಕ ಆದೇಶ: “ಏನಿದ್ರೂ ಬರವಣಿಗೇಲಿ ಕೊಡಮ್ಮ, ನೋಡೋಣ.”
2) ಮೇಳ ನಡೆದ ಸಭಾಂಗಣದ ಫ್ರಿಡ್ಜಿನ ಬಾಗಿಲಿಗೆ ಅಂಟಿಸಿರುವ ಸೂಚನಾಪತ್ರ.
3) ಚಳ್ಳಕೆರೆಯ ಮನೆಯಲ್ಲಿ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಅರ್ಜಿದಾರಳ ಅಜ್ಜಿ ಪುಟ್ಟಗೌರಮ್ಮನವರು ಹೊರಡಿಸಿದ ಆದೇಶ: “ಹಾಲು ಮುಗೀಲಿ, ಬೆಣ್ಣೆ ಮುಗೀಲಿ, ಹೆಪ್ಪು ಮಾತ್ರ ಮುಗಿಸ್ಬೇಡ ಕಣೇ.” (ದಿನಾಂಕ ನೆನಪಿಲ್ಲ. ಅರ್ಜಿದಾರಳಿಗೆ ಆಗ ಮುಂದಿನ ಎರಡು ಹಲ್ಲು ಇರಲಿಲ್ಲ.)

ಮಾನ್ಯರೇ,

ಇದನ್ನು ಫೋನಿನಲ್ಲೇ ಹೇಳಿ ಮುಗಿಸಬೇಕೆಂದು ಅರ್ಜಿದಾರಳು ಹೊರಟಿದ್ದಳು. ಆದರೆ ತಾವು ಈ ದೇಶಕ್ಕೆ ಬರುವ ಮೊದಲು ಊರಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಹನ್ನೆರಡು ವರ್ಷ ದುಡಿದವರಾದ ಕಾರಣ, ಕಾಗದದ ಮೇಲೆ ಬರದೇ ಇರುವ ಸಂಕಟವನ್ನು ಸಂಕಟವೆಂದು ಒಪ್ಪುವವರಲ್ಲ. ಆದ್ದರಿಂದ ಈ ಅರ್ಜಿ. ‘ನಾನು’ ಎಂದು ಬರೆಯಲು ಹೋದಾಗ ಎರಡು ಹಾಳೆ ಒದ್ದೆಯಾಗಿ ಹಾಳಾದ ಕಾರಣ, ಮೂರನೆಯ ಹಾಳೆಯಿಂದ ‘ಅರ್ಜಿದಾರಳು’ ಎಂದೇ ಬರೆಯಲಾಗಿದೆ. ಹಾಗೆ ಬರೆದರೆ ಯಾರೋ ಬೇರೆಯವರ ಕಥೆ ಹೇಳಿದಂತಾಗಿ ಕೈ ಸರಾಗವಾಗಿ ಓಡುತ್ತದೆ.

1. ದಿನಾಂಕ 15, ಶನಿವಾರ, ಕೊಮ್ಮೂನ್‌ನವರು, ಅಂದರೆ ಇಲ್ಲಿನ ನಗರಸಭೆಯವರು, ಬಳಗಕ್ಕೆ ಕೊಟ್ಟ ಹಳೆಯ ಶಾಲೆಯ ಸಭಾಂಗಣದಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮಕ್ಕಳ ವಿಜ್ಞಾನ ಮೇಳ ನಡೆಯಿತು. ಅದನ್ನು ನಡೆಸಬೇಕೆಂಬ ಕನಸು ಅರ್ಜಿದಾರಳದೇ. ಹಗಲೆಲ್ಲ ಕಾರ್ಖಾನೆಯಲ್ಲಿ ಕೊರೆಯುವ ಉಪಕರಣಗಳ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯುವ ಕೆಲಸ ಅವಳದು. ಕೂದಲಿನ ನೂರರಲ್ಲಿ ಒಂದು ಪಾಲಿನಷ್ಟು ತಪ್ಪನ್ನೂ ಹಿಡಿಯುತ್ತಾಳೆ. ಮನೆಗೆ ಬರುವಾಗ ಮಾತ್ರ ಬಸ್ಸಿನಲ್ಲಿ ಇಳಿಯುವ ನಿಲ್ದಾಣ ತಪ್ಪಿಸಿಕೊಳ್ಳುತ್ತಾಳೆ. ಇಂಥವಳ ಕೈಗೆ ಮೇಳ ಕೊಡಬೇಡಿ ಎಂದು ಬಳಗದಲ್ಲಿ ಕೆಲವರು ಹೇಳಿದಾಗ, “ಹುಡುಗಿ ಆಸೆಪಟ್ಟಿದಾಳೆ, ಮಾಡ್ಲಿ ಬಿಡ್ರಿ” ಎಂದವರು ತಾವೇ. ಇದನ್ನು ಅರ್ಜಿದಾರಳು ಮರೆತಿಲ್ಲ, ತಮಗೂ ನೆನಪಿಸುತ್ತಿದ್ದಾಳೆ.

2. ಮೇಳದ ಸುತ್ತೋಲೆಯಲ್ಲಿ ‘ಪ್ರಯೋಗವನ್ನು ಮಕ್ಕಳೇ ಮಾಡತಕ್ಕದ್ದು’ ಎಂದು ದಪ್ಪ ಅಕ್ಷರದಲ್ಲಿ ಹಾಕಲಾಗಿತ್ತು. ಒಂಬತ್ತು ಮಕ್ಕಳು ಹೆಸರು ಕೊಟ್ಟರು. ಬಳಗದಲ್ಲಿ ಇರುವವರೆಲ್ಲ ಸಂಶೋಧಕರು, ಎಂಜಿನಿಯರುಗಳು. ಮಕ್ಕಳು ಮಲಗಿದ ಮೇಲೆ ಇವರು ಪ್ರಯೋಗಕ್ಕೆ ಕುಳಿತದ್ದು ಅರ್ಜಿದಾರಳಿಗೆ ತಡವಾಗಿ ಗೊತ್ತಾಯಿತು. ಹರ್ಷ ಅವರ ಮಗ ನೀಲ್, ವಯಸ್ಸು ಒಂಬತ್ತು, ಲೋಹದ ಹರಳುಗಳೊಳಗಿನ ದೋಷಗಳ ಬಗ್ಗೆ ಆರು ಅಡಿಯ ಫಲಕ ತಂದಿದ್ದ. ಕೊನೆಯಲ್ಲಿ ನಲವತ್ತೊಂದು ಆಕರಗಳ ಪಟ್ಟಿ ಇತ್ತು. ಇದೇನು ಅಂತ ಸ್ವಲ್ಪ ವಿವರಿಸಪ್ಪಾ ಎಂದು ತಾವು ಕೇಳಿದಾಗ ಆ ಮಗು ಕಿಟಕಿಯ ಕಡೆ ನೋಡಿ, ಸ್ವೀಡಿಷಿನಲ್ಲಿ “ಪಪ್ಪಾ ವೇತ್” ಎಂದಿತು. ಪಪ್ಪನಿಗೆ ಗೊತ್ತು, ಎಂದು ಇದರ ಅರ್ಥ. ಆ ದಿನ ಈ ಉತ್ತರವನ್ನು ತಾವು ಒಟ್ಟು ಎಂಟು ಫಲಕಗಳ ಮುಂದೆ ಕೇಳಿದಿರಿ. ಅದರಲ್ಲಿ ಎರಡು ಕಡೆ ಮಮ್ಮನಿಗೆ ಗೊತ್ತಿತ್ತು.

3. ಒಂಬತ್ತನೆಯ ಫಲಕ ಇರಾಳದು. ವಯಸ್ಸು ಎಂಟು. ಇವಳ ತಾಯಿ ಶ್ರೀಲಕ್ಷ್ಮಿಯವರು ಗುರುವಾರಗಳಂದು ಕೆಲಸದಿಂದ ಬರುವುದು ತಡವಾದ್ದರಿಂದ, ಶಾಲೆ ಬಿಟ್ಟ ಮೇಲೆ ಇರಾ ಅರ್ಜಿದಾರಳ ಮನೆಯಲ್ಲಿರುತ್ತಾಳೆ. ಒಂದು ಗುರುವಾರ ಅರ್ಜಿದಾರಳು ಹಾಲಿಗೆ ಹೆಪ್ಪು ಹಾಕಿ, ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಅದಕ್ಕೆ ಏನೋ ಪಿಸುಗುಡುತ್ತಿರುವುದು ಅವಳ ಕಣ್ಣಿಗೆ ಬಿತ್ತು. ಯಾರ ಹತ್ತಿರ ಮಾತಾಡ್ತಿದೀರಾ ಅಂತ ಕೇಳಿದಳು. ನಮ್ಮಜ್ಜಿ ಹೆಪ್ಪು ಹಾಕಿ ಹಾಲಿಗೆ ಕಥೆ ಹೇಳ್ತಿದ್ರು, ಕಥೆ ಕೇಳಿದ ಹಾಲು ಗಟ್ಟಿಯಾಗಿ ಕೂತ್ಕೊಳುತ್ತೆ ಅಂತಿದ್ರು ಎಂದು ಅರ್ಜಿದಾರಳು ವಿವರಿಸಿದಳು. ಇರಾ ಸ್ವಲ್ಪ ಹೊತ್ತು ಯೋಚಿಸಿ, “ಟೆಸ್ಟ್ ಮಾಡಿದಾರಾ?” ಎಂದಳು.

ಮಾನ್ಯರೇ, ಇಪ್ಪತ್ತೇಳು ವರ್ಷದಲ್ಲಿ ಅರ್ಜಿದಾರಳಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಇಡೀ ಮೇಳದಲ್ಲಿ ಒಂದು ಮಗು ತಾನಾಗಿಯೇ ಕೇಳಿದ ಪ್ರಶ್ನೆ ಇದೊಂದೇ.

4. ಸದರಿ ಹೆಪ್ಪಿನ ವಂಶಾವಳಿ. ಪುಟ್ಟಗೌರಮ್ಮನವರಿಗೆ ಇದು ಅವರ ಅತ್ತೆಯಿಂದ ಬಂತು. ಅತ್ತೆಗೆ ಎಲ್ಲಿಂದ ಬಂತೆಂಬುದಕ್ಕೆ ದಾಖಲೆಗಳಿಲ್ಲ. ಅಜ್ಜಿಯನ್ನು ಕೇಳಿದರೆ ಪಾರ್ವತಿಯವರೆಗೂ ಹೋಗುತ್ತಿದ್ದರು. ಅರ್ಜಿದಾರಳು ಈ ದೇಶದ ಯೋನ್‌ಶೋಪಿಂಗ್‌ಗೆ ಓದಲು ಹೊರಟಾಗ ಅಜ್ಜಿ ತಮ್ಮ ಹಳೆಯ ಹತ್ತಿ ಸೀರೆಯ ಒಂದು ಚೂರಿಗೆ ಮೊಸರು ಸವರಿ, ಬಿಸಿಲಲ್ಲಿ ಒಣಗಿಸಿ, ಮಡಚಿ, ಕುಂಕುಮದ ಪೊಟ್ಟಣದ ಪಕ್ಕದಲ್ಲಿಟ್ಟರು. ಇಲ್ಲಿಗೆ ಬಂದು ಅದನ್ನು ಉಗುರುಬೆಚ್ಚಗಿನ ಹಾಲಲ್ಲಿ ನೆನೆಸಿದರೆ ಮೂರು ಸಲ ಹಾಲು ಹಾಲಾಗಿಯೇ ಉಳಿಯಿತು. ನಾಲ್ಕನೆಯ ಸಲ ಅರ್ಜಿದಾರಳು ಅಜ್ಜಿಗೆ ವಿಡಿಯೊ ಕರೆ ಮಾಡಿ ಫೋನನ್ನು ಪಾತ್ರೆಗೆ ಒರಗಿಸಿಟ್ಟಳು. ಅಜ್ಜಿ ಅಲ್ಲಿಂದಲೇ ಹಾಲಿಗೆ ಒಂದೂವರೆ ಗಂಟೆ ಕಥೆ ಹೇಳಿದರು. ಹಾಲು ಕೂತಿತು. ಅಂದು ಪಾತ್ರೆ ಕೋಣೆ ಕಾಯಿಸುವ ಯಂತ್ರದ ಮೇಲೆ ಇತ್ತೆಂಬುದನ್ನು ಮುಚ್ಚಿಡುವ ಉದ್ದೇಶ ಅರ್ಜಿದಾರಳಿಗಿಲ್ಲ.

ಅಂದಿನಿಂದ ನಾಲ್ಕು ವರ್ಷ, ಸೋಮವಾರ ಮತ್ತು ಗುರುವಾರ, ಈ ಹೆಪ್ಪು ತಪ್ಪದೆ ಹಾಲು ಕಂಡಿದೆ. ಇದರ ಒಂದು ಶಾಖೆಯನ್ನು ಮಾಲತಿ ಆಂಟಿಯ ಅಡುಗೆಮನೆಯಲ್ಲಿ ತೆರೆಯಲಾಗಿತ್ತು; ತಾವಿಬ್ಬರೂ ಜುಲೈ ರಜೆಗೆ ಹೋದ ಆರು ವಾರದಲ್ಲಿ ಅದು ಮುಚ್ಚಿಹೋಯಿತು. ಸೀರೆಯ ಚೂರು ಬಟ್ಟೆ ಒಗೆಯುವ ಯಂತ್ರಕ್ಕೆ ಬಿದ್ದು ಬಹಳ ಕಾಲವಾಯಿತು. ಚಳ್ಳಕೆರೆಯ ಮನೆಯಲ್ಲಿ ಈಗ ಪ್ಯಾಕೆಟ್ ಮೊಸರು. ಪುಟ್ಟಗೌರಮ್ಮನವರು ಇದೇ ಮಾರ್ಚ್ 9ರಂದು ತೀರಿಕೊಂಡಿರುವ ಕಾರಣ ಹೊಸ ಹೆಪ್ಪು ಒದಗಿಸುವ ಸ್ಥಿತಿಯಲ್ಲಿಲ್ಲ.

5. ಇನ್ನು ಅರ್ಜಿದಾರಳ ತಪ್ಪು. ಮೇಳದ ಬೆಳಗ್ಗೆ ಡಬ್ಬಿಯಲ್ಲಿ ನಾಲ್ಕು ಚಮಚ ಹೆಪ್ಪಿತ್ತು, ಮೇಜಿನ ಮೇಲೆ ಮೂರು ಪಾತ್ರೆ ಇದ್ದವು. ಹೆಪ್ಪು ಇರುವ ಯಾವ ಮನೆಯಲ್ಲಾದರೂ ನಾಲ್ಕನೆಯ ಚಮಚ ಡಬ್ಬಿಯಲ್ಲೇ ಉಳಿಯುತ್ತದೆ. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಕೈಗೇ ಗೊತ್ತಿರುತ್ತದೆ. ಅರ್ಜಿದಾರಳ ಕೈಯೂ ಮುಚ್ಚಳದ ಕಡೆಗೇ ಹೋಗಿತ್ತು. ಆಗ ಇರಾ ತಡೆದು, “ಅಕ್ಕಾ, ಒಂದು ಸ್ಪೂನ್ ಸುಮ್ನೆ ಇಟ್ಕೊಳೋ ಹಾಗಿಲ್ಲ, ಎಲ್ಲಾ ಸಮ ಇರ್ಬೇಕು, ಅದೇ ಸೈನ್ಸ್” ಎಂದಳು. ನಾಲ್ಕನೆಯ ಚಮಚವನ್ನು ಮೂರು ಪಾಲು ಮಾಡಲಾಯಿತು. ಡಬ್ಬಿಯನ್ನು ತೊಳೆದು ಒರೆಸಿ ಕೂಡ ಇಡಲಾಯಿತು. ಹೀಗೆ ಅರ್ಜಿದಾರಳು ಉಲ್ಲೇಖ 3ರ ಆದೇಶವನ್ನು, ಉತ್ಸಾಹದ ಭರದಲ್ಲಿ, ನಗುನಗುತ್ತಾ ಉಲ್ಲಂಘಿಸಿದಳು.

6. ಪ್ರಯೋಗದ ಕ್ರಮ. ಪಾತ್ರೆ ‘ಅ’ಗೆ ಏನನ್ನೂ ಹೇಳುವುದಿಲ್ಲ. ಪಾತ್ರೆ ‘ಆ’ಗೆ ಸಮುದ್ರದ ಹವಾಮಾನ ವರದಿಯನ್ನು ಫೋನಿನಿಂದ ಕೇಳಿಸುವುದು, ಇದು ಇರಾಳ ಆಯ್ಕೆ, ಯಾಕೆಂದರೆ ಅವಳಿಗೆ ಗೊತ್ತಿರುವ ಮಾತುಗಳಲ್ಲೇ ಅತ್ಯಂತ ಬೇಸರದ್ದು ಅದು. ಪಾತ್ರೆ ‘ಇ’ಗೆ ಅಜ್ಜಿಯ ಕಥೆ. ‘ಅ’ ಮತ್ತು ‘ಆ’ ಕಿಟಕಿಯ ಪಕ್ಕದ ಮೇಜಿನ ಮೇಲೆ. ‘ಇ’ ಅರ್ಜಿದಾರಳ ಮಡಿಲಲ್ಲಿ, ಶಾಲಿನೊಳಗೆ. ಈ ವ್ಯತ್ಯಾಸವು ಇರಾಳ ಗಮನಕ್ಕೂ ಬರಲಿಲ್ಲ, ಅರ್ಜಿದಾರಳ ಗಮನಕ್ಕೂ ಬರಲಿಲ್ಲ. ಕಥೆ ಹೇಳುವುದು ಎಂದಮೇಲೆ ಮಡಿಲಲ್ಲದೆ ಇನ್ನೆಲ್ಲಿಗೆ?

7. ಕಥೆ ಹೀಗಿತ್ತು. ಒಂದೂರಿನ ಕೆರೆಯಲ್ಲಿ ಕರಿಯವ್ವ ಎಂಬ ಎಮ್ಮೆ ನೀರು ಕುಡಿಯುತ್ತಾ, ಬೆಣ್ಣೆಮುದ್ದೆ ತೇಲುತ್ತಿದೆ ಎಂದುಕೊಂಡು ಹುಣ್ಣಿಮೆಯ ಚಂದ್ರನನ್ನು ನುಂಗಿಬಿಟ್ಟಿತು. ಆಕಾಶ ಕತ್ತಲಾಯಿತು. ಕರಿಯವ್ವನ ಹಾಲು ಮಾತ್ರ ಬೆಳಗತೊಡಗಿತು. ಕುಡಿದವರ ಹೊಟ್ಟೆ ಅಂಗಿಯೊಳಗಿಂದ ಕಂದೀಲಿನ ಹಾಗೆ ಕಾಣುತ್ತಿದ್ದರಿಂದ ಊರಿನ ಕಳ್ಳರು ಕೆಲಸ ಬಿಟ್ಟು ಮಜ್ಜಿಗೆಗೆ ಇಳಿದರು. ರಾಜ ಪೈಲ್ವಾನನನ್ನು ಕಳಿಸಿದ. ಅವನು ಬಾಲ ಹಿಡಿದು ಎಳೆದ. ವೈದ್ಯನನ್ನು ಕಳಿಸಿದ, ಅವನು ಹರಳೆಣ್ಣೆ ಕುಡಿಸಿದ. ಮಂತ್ರಿಯನ್ನು ಕಳಿಸಿದ, ಅವನು ಚಂದ್ರನು ಕೂಡಲೇ ಹೊರಬರತಕ್ಕದ್ದು ಎಂದು ಡಂಗುರ ಸಾರಿಸಿದ. ಒಬ್ಬೊಬ್ಬನ ಪ್ರಯಾಣಕ್ಕೂ ದಾರಿಯಲ್ಲಿ ಸಿಗುವ ಇರುವೆ, ಗಾಣದೆತ್ತು, ಮುನಿಸಿಕೊಂಡ ಬಾವಿ ಇತ್ಯಾದಿ ಇರುವುದರಿಂದ ಇಷ್ಟಕ್ಕೇ ಸಂಜೆಯಾಗುತ್ತದೆ. ಕೊನೆಗೆ ಬೊಚ್ಚುಬಾಯಿಯ ಮುದುಕಿಯೊಬ್ಬಳು ಬಂದು, ಗೋಣಿಚೀಲ ಹಾಸಿ, ಕರಿಯವ್ವನ ಮುಂದೆ ಕುಳಿತಳು.

8. ಕಥೆಗೆ ‘ಹೂಂ’ ಬೇಕೆಂಬುದು ತಮಗೆ ಗೊತ್ತಿರುವ ವಿಚಾರ. ಕೇಳುವವರು ಹೂಂ ಅನ್ನದಿದ್ದರೆ ಕಥೆಯೊಳಗಿನ ಜನ ದಾರಿ ತಪ್ಪುತ್ತಾರೆಂದು ಅಜ್ಜಿ ಹೇಳುತ್ತಿದ್ದರು. ಹಾಲು ಹೂಂ ಅನ್ನಲಾರದು. ಆದ್ದರಿಂದ ಹಾಲಿನ ಪರವಾಗಿ ಇರಾ ಹೂಂ ಅನ್ನುವುದು, ಪ್ರತಿ ಹೂಂಗೆ ರಟ್ಟಿನ ಮೇಲೆ ಒಂದು ಗೀಟು ಎಳೆಯುವುದು ಎಂದಾಯಿತು. ಸಂಜೆಯ ಹೊತ್ತಿಗೆ 412 ಗೀಟುಗಳಾಗಿದ್ದವು.

ಇಲ್ಲೊಂದು ತಾಂತ್ರಿಕ ತೊಡಕಿದೆ. ಇರಾ ಹುಟ್ಟಿ ಬೆಳೆದದ್ದು ಇಲ್ಲಿ. ಈ ಕಡೆಯ ಜನ ಹೌದು ಅನ್ನಬೇಕಾದಾಗ ಬಿಸಿ ಕಾಫಿ ಹೀರಿದ ಹಾಗೆ ‘ಶ್ಶುಪ್’ ಎಂದು ಉಸಿರು ಒಳಗೆಳೆದುಕೊಳ್ಳುತ್ತಾರೆ. ಇರಾಳ ಹೂಂಗಳೂ ಎಲ್ಲವೂ ಒಳಮುಖ. ಮೂರೂ ಇಪ್ಪತ್ತಕ್ಕೆ ತಾವು ಪರಿಶೀಲನೆಗೆಂದು ಬಂದವರು ಇದನ್ನು ಕೇಳಿ ಗಾಬರಿಯಾಗಿ, ಮಗುವಿಗೆ ಉಬ್ಬಸವೇನಮ್ಮಾ ಎಂದು ವಿಚಾರಿಸಿದಿರಿ. ವಿಷಯ ತಿಳಿದ ಮೇಲೆ, ಉಸಿರು ಒಳಗೆ ಹೋದರೂ ಸಮ್ಮತಿ ಸಮ್ಮತಿಯೇ, ಹೂಂ ಊರ್ಜಿತ ಎಂದು ಸ್ಥಳದಲ್ಲೇ ತೀರ್ಪು ಕೊಟ್ಟಿರಿ. ಆ ತೀರ್ಪಿಗಾಗಿ ಅರ್ಜಿದಾರಳು ಋಣಿ.

9. ತೀರ್ಪು ಕೊಟ್ಟು ತಾವು ಹೋಗಲಿಲ್ಲ ಎಂಬುದನ್ನೂ ದಾಖಲಿಸಬೇಕಾಗಿದೆ. ದಾಗಿಸ್, ಅಂದರೆ ಶಿಶುವಿಹಾರದ, ಮಕ್ಕಳ ಒಂದು ಅಡಿ ಎತ್ತರದ ಸ್ಟೂಲಿನ ಮೇಲೆ ಕುಳಿತು, ಮೊಣಕಾಲು ಎದೆಗೆ ತಾಗಿಸಿಕೊಂಡು, ನಲವತ್ತು ನಿಮಿಷ ಕೇಳಿದಿರಿ. ಆ ಅವಧಿಯಲ್ಲಿ ತಾವೂ ಹೂಂ ಅಂದಿರಿ. ಇರಾ ತಮ್ಮ ಹೂಂಗಳಿಗೆ ಬೇರೆ ಬಣ್ಣದ ಪೆನ್ನಿನಲ್ಲಿ ಗೀಟು ಎಳೆದಿದ್ದಾಳೆ. ಹದಿನೇಳು. ಎಲ್ಲವೂ ಹೊರಮುಖ.

10. ನಾಲ್ಕು ಗಂಟೆಗೆ, ಮುದುಕಿ ಗೋಣಿಚೀಲದ ಮೇಲೆ ಕುಳಿತ ಕ್ಷಣಕ್ಕೆ ಸರಿಯಾಗಿ, ಗಂಟೆ ಬಾರಿಸಿತು. ‘ಅ’ ಹಾಲು. ‘ಆ’ ಹಾಲು. ‘ಇ’ ಪಾತ್ರೆಯನ್ನು ಇರಾ ಓರೆ ಮಾಡಿದಳು, ಅಲುಗಲಿಲ್ಲ. ಚಮಚ ನೆಟ್ಟರೆ ನಿಂತಿತು. ತಾವು ಬಹುಮಾನದ ಪೊಟ್ಟಣಕ್ಕೆ ಕೈ ಹಾಕುತ್ತಿದ್ದಂತೆ ಹರ್ಷ ಅವರು ಎದ್ದು ನಿಂತು, ಮೂರೂ ಪಾತ್ರೆಗಳ ಉಷ್ಣತೆ ಒಂದೇ ಇತ್ತೇ ಎಂದು ಕೇಳಿದರು. ತೀರ್ಪುಗಾರರೇ ಹೂಂ ಅಂದಿರುವ ಕಾರಣ ಪಕ್ಷಪಾತದ ಶಂಕೆಯೂ ಇದೆ ಎಂದರು.

ಉಕ್ಕಿನ ಕುಲುಮೆಯ ಮುಂದೆ ಮೂವತ್ತು ವರ್ಷ ಕಳೆದ ತಮಗೆ ಉಷ್ಣತೆ ಎಂಬ ಮಾತು ಕಿವಿಗೆ ಬಿದ್ದರೆ ಮುಗಿಯಿತು. ಕಾರಿಗೆ ಹೋಗಿ, ಕುಲುಮೆಯ ಬಿಸಿ ನೋಡುವ ಪಿಸ್ತೂಲಿನಂಥ ಯಂತ್ರ ತಂದಿರಿ. ಕಿಟಕಿಯ ಮೇಜು, ಹದಿನೇಳು ಡಿಗ್ರಿ. ಅರ್ಜಿದಾರಳ ಮಡಿಲು, ಮೂವತ್ನಾಲ್ಕು. “ಏನಮ್ಮಾ ಇದು, ಒಲೆ ಮೇಲಿಟ್ಕೊಂಡು ಕಥೆ ಹೇಳಿದೀಯಲ್ಲ” ಎಂದಿರಿ. ಇಡೀ ಬಳಗ ನಕ್ಕಿತು. ಇರಾ ನಗಲಿಲ್ಲ.

ಪಾತ್ರೆ ‘ಇ’ಯನ್ನು ವಿವಾದಿತ ಮಾದರಿ ಎಂದು ಘೋಷಿಸಿ, ಡಿಸೆಂಬರ್ 13ರ ಕಾರ್ಯಕಾರಿ ಸಮಿತಿಯ ಸಭೆಯವರೆಗೆ ಮುಟ್ಟಬಾರದೆಂದು ಹೇಳಿ, ಮುಚ್ಚಳದ ಮೇಲೆ ಚೀಟಿ ಅಂಟಿಸಿ, ತಮ್ಮ ಹೆಸರು ಬರೆದು ಸಹಿ ಹಾಕಿ, ಸಭಾಂಗಣದ ಫ್ರಿಡ್ಜಿನಲ್ಲಿ ಇಟ್ಟಿರಿ.

11. ಪಾತ್ರೆ ‘ಅ’ ಮತ್ತು ‘ಆ’ ಇವುಗಳ ಗತಿ. ಮನೆಗೆ ಒಯ್ದು ಬೆಚ್ಚಗಿಟ್ಟಿದ್ದರೆ ಅವೂ ಕೂರುತ್ತಿದ್ದವು, ಈ ಅರ್ಜಿಯೇ ಬೇಕಿರಲಿಲ್ಲ. ಆದರೆ ವಾಗ್ವಾದದ ನಡುವೆ ಫಿಕಾ ಸಮಯವಾಯಿತು. ಈ ದೇಶದಲ್ಲಿ ಯಾವ ಜಗಳವಾದರೂ ಕಾಫಿ, ಬನ್ನಿಗೆ ನಿಲ್ಲಲೇಬೇಕು. ಕಾಫಿಗೆ ಹಾಲು ಸಾಲದೆ ಬಂದಾಗ ಯಾರೋ ಕಿಟಕಿಯ ಮೇಜಿನಲ್ಲಿ ಎರಡು ಪಾತ್ರೆ ಹಾಲಿರುವುದನ್ನು ಕಂಡರು. ಕಾಫಿ ಸ್ವಲ್ಪ ಒಡೆದ ಹಾಗಿದೆ ಎಂದು ಮೂರು ಜನ ದೂರಿದರು, ಆದರೂ ಕುಡಿದರು. ಹೀಗೆ ಅಜ್ಜಿಯ ಹೆಪ್ಪಿನ ಮೂರರಲ್ಲಿ ಎರಡು ಪಾಲು ಬಳಗದ ಸದಸ್ಯರ ಹೊಟ್ಟೆಯಲ್ಲಿದೆ. ಅಲ್ಲಿಂದ ವಾಪಸು ಪಡೆಯುವ ಯಾವ ಕ್ರಮವೂ ಅರ್ಜಿದಾರಳಿಗೆ ತಿಳಿದಿಲ್ಲ.

12. ಮೇಳದ ಮರುದಿನ ಭಾನುವಾರ ಅರ್ಜಿದಾರಳು ಸಭಾಂಗಣಕ್ಕೆ ಹೋಗಿ, ಅದನ್ನು ನೋಡಿಕೊಳ್ಳುವ ಗುನಿಲ್ಲಾ ಅವರನ್ನು ಒಂದು ಚಮಚ ಮೊಸರು ಕೇಳಿದಳು. ಗುನಿಲ್ಲಾ ಚೀಟಿ ಓದಿ, ನಿನ್ನ ಹೆಸರು ರಾಮಮೂರ್ತಿಯೇ ಎಂದರು. ಅಲ್ಲ ಎಂದಾಗ ಬಾಗಿಲು ಮುಚ್ಚಿದರು. ಹಂಚಿಕೊಂಡ ಫ್ರಿಡ್ಜಿನಲ್ಲಿ ಇನ್ನೊಬ್ಬರ ಹೆಸರಿನ ಡಬ್ಬಿ ಮುಟ್ಟುವವರನ್ನು ಈ ದೇಶ ಎಂದಿಗೂ ಕ್ಷಮಿಸುವುದಿಲ್ಲವೆಂಬುದು ತಮಗೆ ತಿಳಿದದ್ದೇ. ಬಾಗಿಲ ಮೇಲೆ ಉಲ್ಲೇಖ 2ರ ಸೂಚನೆ ಇತ್ತು: ತಿಂಗಳ ಕೊನೆಯ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಫ್ರಿಡ್ಜ್ ತೊಳೆಯಲಾಗುವುದು, ಒಳಗಿರುವುದೆಲ್ಲ, ಹೆಸರಿರಲಿ ಇಲ್ಲದಿರಲಿ, ಕಸಕ್ಕೆ. ಕೊನೆಯಲ್ಲಿ ನಗುವ ಮುಖದ ಚಿತ್ರವಿತ್ತು. ಆ ಶುಕ್ರವಾರ ಎಂದರೆ ಇದೇ 28. ಸಮಿತಿಯ ಸಭೆ ಡಿಸೆಂಬರ್ 13ಕ್ಕೆ. ನಡುವಿನ ಹದಿನೈದು ದಿನ ಪಾತ್ರೆ ‘ಇ’ ಕಾಗದದಲ್ಲಿ ಮಾತ್ರ ಇರುತ್ತದೆ.

13. ದಿನಾಂಕ 17, ಸೋಮವಾರ, ಅರ್ಜಿದಾರಳು ತಮಗೆ ಫೋನ್ ಮಾಡಿದಾಗ, ಅಂಗಡಿಯಲ್ಲಿ ಬಕೆಟ್ಟುಗಟ್ಟಲೆ ಟರ್ಕಿ ಮೊಸರು ಸಿಗುತ್ತೆ, ಮೊಸರು ಮೊಸರೇ ಅಲ್ವೇನಮ್ಮಾ ಎಂದು ಸಮಾಧಾನ ಹೇಳಿದಿರಿ. ಆಗ ಅರ್ಜಿದಾರಳು, “ಹಾಗಾದ್ರೆ ಉಕ್ಕು ಉಕ್ಕೇ ಅಲ್ವಾ ಅಂಕಲ್?” ಎಂದುಬಿಟ್ಟಳು. ಆಮೇಲೆ ಉಲ್ಲೇಖ 1ರ ಆದೇಶ ಬಂತು. ದೊಡ್ಡವರ ಜೊತೆ ಹಾಗೆ ಆಡಬಾರದಿತ್ತು. ಆ ಮಾತಿಗೆ ಕ್ಷಮೆ ಕೇಳಲಾಗಿದೆ. ಆದರೆ ಮಾತನ್ನು ಹಿಂಪಡೆದಿಲ್ಲ.

14. ಉಷ್ಣತೆಯ ಆಕ್ಷೇಪಣೆಯನ್ನು ಅರ್ಜಿದಾರಳು ಪೂರ್ತಿಯಾಗಿ ಒಪ್ಪುತ್ತಾಳೆ. ಹಾಲು ಕೂತದ್ದು ಮಡಿಲಿನ ಬಿಸಿಗೆ. ಅಜ್ಜಿಯ ಕಾಲದಲ್ಲೂ ಹಾಗೇ ಇದ್ದಿರಬೇಕು. ಒಂದೂವರೆ ಗಂಟೆ ಯಾರೂ ಪಾತ್ರೆಯನ್ನು ಸುಮ್ಮನೆ ಅಪ್ಪಿಕೊಂಡು ಕೂರುವುದಿಲ್ಲ. ಕಥೆ ಇದ್ದರೆ ಕೂರುತ್ತಾರೆ ಎಂಬುದಷ್ಟೇ ಅವಳು ಸೂಚಿಸುವ ತಿದ್ದುಪಡಿ. ಬಹುಮಾನವನ್ನು ನೀಲ್‌ಗೇ ಕೊಡಬಹುದು. ಇರಾಳೂ ಹಾಗೇ ಹೇಳಿದ್ದಾಳೆ, ಆದರೆ ಅವನ ಪಪ್ಪನಿಗೆ ಕೊಡಬಾರದಂತೆ.

15. ಇನ್ನು ಇಲ್ಲಿಯವರೆಗೆ ಒಬ್ಬರನ್ನು ಬಿಟ್ಟು ಯಾರಿಗೂ ಹೇಳದ ವಿಷಯ. ನಾಲ್ಕು ಗಂಟೆಗೆ ಗಂಟೆ ಬಾರಿಸಿದಾಗ ಅರ್ಜಿದಾರಳಿಗೆ ಒಳಗೊಳಗೇ ಜೀವ ಬಂದಂತಾಯಿತು. ಯಾಕೆಂದರೆ ಮುದುಕಿ ಗೋಣಿಚೀಲದ ಮೇಲೆ ಕುಳಿತ ಮೇಲೆ ಏನಾಯಿತು ಎಂಬುದು ಅವಳಿಗೆ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಪ್ರತಿ ಸಲವೂ ಸರಿಯಾಗಿ ಅಲ್ಲಿಗೇ ನಿದ್ದೆ ಬಂದುಬಿಡುತ್ತಿತ್ತು. ನಾಳೆ ಕೇಳಿದರಾಯಿತು ಎಂದುಕೊಂಡೇ ದೊಡ್ಡವಳಾದಳು. ವಿಡಿಯೊ ಕರೆಯಲ್ಲಿ ಅಜ್ಜಿ ಹಾಲಿಗೆ ಹೇಳಿದ್ದು ಬೇರೆ ಕಥೆ. ಯೋನ್‌ಶೋಪಿಂಗ್‌ನಿಂದ ಕರೆ ಮಾಡಿದಾಗಲೆಲ್ಲ ಕೇಳಲು ಬೇರೆ ಬೇರೆ ಇರುತ್ತಿತ್ತು: ಸಾರಿಗೆ ಎಷ್ಟು ಬೇಳೆ, ಮಂಡಿನೋವು ಹೇಗಿದೆ. ಮಾರ್ಚ್ 9 ಬಂತು. ಈಗ ಅಜ್ಜಿಯಿಂದ ಅರ್ಜಿದಾರಳ ಬಳಿ ಉಳಿದಿರುವುದು ಎರಡು: ಕೊನೆಯಿಲ್ಲದ ಒಂದು ಕಥೆ, ಮತ್ತು ತಮ್ಮ ಹೆಸರಿನಲ್ಲಿರುವ ಒಂದು ಪಾತ್ರೆ ಮೊಸರು.

ಮೇಳದ ದಿನದಿಂದ ಸ್ಯಾಂಡ್‌ವಿಕೆನ್‌ನಲ್ಲಿ ಚಂದ್ರ ಕಂಡಿಲ್ಲ. ಮೋಡದ ಕಾರಣ ಎಂದು ಹವಾಮಾನ ವರದಿ ಹೇಳುತ್ತದೆ. ಅರ್ಜಿದಾರಳು ಇದನ್ನು ಅಲ್ಲಗಳೆಯುವುದಿಲ್ಲ.

16. ಮೊನ್ನೆ ಗುರುವಾರ, ದಿನಾಂಕ 20, ಅರ್ಜಿದಾರಳು ಈ ವಿಷಯವನ್ನು ಇರಾಳಿಗೆ ಮಾತ್ರ ಒಪ್ಪಿಕೊಂಡಳು. ಖಾಲಿ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟುಕೊಂಡು ಇಬ್ಬರೂ ಕುಳಿತಿದ್ದರು. ಇರಾಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಅವಳು ರಟ್ಟನ್ನು ತಿರುಗಿಸಿ ಎಮ್ಮೆಯ ಚಿತ್ರ ಬರೆದು, “ಈಸಿ ಅಕ್ಕಾ. ಮುದುಕಿ ಕಥೆ ಹೇಳ್ತಾಳೆ. ಎಮ್ಮೆ ಹೂಂ ಅನ್ಲೇಬೇಕಲ್ಲ? ಹೂಂ ಅಂದಾಗ ಬಾಯಿ ತೆರೆಯುತ್ತೆ. ಚಂದ್ರ ಆಚೆ ಬರುತ್ತೆ” ಎಂದಳು.

ಅಜ್ಜಿ ಇದನ್ನೇ ಹೇಳುತ್ತಿದ್ದರೇ? ತಿಳಿಯುವ ದಾರಿಯಿಲ್ಲ. ಆದರೆ ಅಜ್ಜಿ ಕೇಳಿದ್ದರೆ ಹೂಂ ಅನ್ನುತ್ತಿದ್ದರು.

ಅಷ್ಟರಲ್ಲಿ ಇರಾಳ ಮುಖ ಸಣ್ಣಗಾಯಿತು. “ಮೆನ್ ಅಕ್ಕಾ,” ಎಂದಳು. ಮೆನ್ ಎಂದರೆ ‘ಆದರೆ’. “ಎಮ್ಮೆ ನನ್ ಥರ ಹೂಂ ಅಂದ್ರೆ? ಉಸಿರು ಒಳಗೆ ಹೋಗುತ್ತೆ. ಆಗ ಚಂದ್ರ ಇನ್ನೂ ಒಳಗೆ ಹೋಗುತ್ತೆ. ಎಮ್ಮೆಗೆ ನಾಲ್ಕು ಹೊಟ್ಟೆ ಇದೆ, ಸ್ಕೂಲಲ್ಲಿ ಹೇಳಿದಾರೆ.” ತನ್ನ 412 ಹೂಂಗಳಿಂದ ಚಂದ್ರ ಈಗ ಯಾವ ಹೊಟ್ಟೆಯಲ್ಲಿರಬಹುದು ಎಂದು ಲೆಕ್ಕ ಹಾಕಲು ಹೊರಟಳು. ಅಂದಿನಿಂದ ಆ ಮಗು ಹೌದು ಅನ್ನಬೇಕಾದ ಕಡೆಯೆಲ್ಲ ತಲೆಯಾಡಿಸುತ್ತಿದೆ ಎಂದು ಶ್ರೀಲಕ್ಷ್ಮಿಯವರು ತಿಳಿಸಿದ್ದಾರೆ.

17. ಕಥೆಯ ಕೊನೆಯನ್ನು ಈ ಅರ್ಜಿಯಲ್ಲಿ ಬರೆಯಬಾರದು, ಮೊಸರು ಕೈಗೆ ಬಂದ ಮೇಲೆ ಹೇಳುತ್ತೇನೆಂದು ಷರತ್ತು ಹಾಕಬೇಕು ಎಂದು ಮಾಲತಿ ಆಂಟಿ ಸಲಹೆ ಕೊಟ್ಟಿದ್ದರು. “ನಿಮ್ಮ ಅಂಕಲ್ ಊಟಕ್ಕೆ ಕೂತಾಗೆಲ್ಲ, ಆ ಎಮ್ಮೆದೇನಾಯ್ತಂತೆ ಅಂತ ನನ್ನೇ ಕೇಳ್ತಾರೆ ಕಣೇ. ಸತಾಯ್ಸು ಸ್ವಲ್ಪ” ಎಂದೂ ಹೇಳಿದ್ದರು. ಅರ್ಜಿದಾರಳು ಯೋಚಿಸಿದಳು. ಆದರೆ ಕಥೆಯನ್ನು ಒತ್ತೆ ಇಡುವುದನ್ನು ಅವಳಿಗೆ ಯಾರೂ ಕಲಿಸಿಲ್ಲದ ಕಾರಣ, ಮೇಲೆ 16ರಲ್ಲಿ ಪೂರ್ತಿ ಹೇಳಿಬಿಡಲಾಗಿದೆ.

ಆದ್ದರಿಂದ ಈ ಮೇಲ್ಕಂಡ ಎಲ್ಲ ಕಾರಣಗಳಿಗಾಗಿ, ಮತ್ತು ಕಾರಣವಲ್ಲದಿದ್ದರೂ ನಡುವೆ ಬಂದುಹೋದ ಸಂಗತಿಗಳಿಗಾಗಿ, ಅರ್ಜಿದಾರಳು ತಮ್ಮಲ್ಲಿ ಕೇಳಿಕೊಳ್ಳುವುದಿಷ್ಟು:

(ಅ) ಶುಕ್ರವಾರ ಮೂರು ಗಂಟೆಯೊಳಗೆ ತಾವು ಖುದ್ದಾಗಿ ಸಭಾಂಗಣಕ್ಕೆ ಬಂದು, ಗುನಿಲ್ಲಾ ಅವರ ಎದುರು ತಾವೇ ರಾಮಮೂರ್ತಿ ಎಂದು ದೃಢಪಡಿಸಬೇಕು. ಪರ್ಸೊನ್ನುಮ್ಮರ್, ಅಂದರೆ ಇಲ್ಲಿನವರ ವೈಯಕ್ತಿಕ ಸಂಖ್ಯೆ, ಇರುವ ಗುರುತಿನ ಚೀಟಿ ತರುವುದು ಒಳ್ಳೆಯದು, ಕೇಳಿಯೇ ಕೇಳುತ್ತಾರೆ.

(ಆ) ಪಾತ್ರೆ ‘ಇ’ಯಿಂದ ಒಂದು ಚಮಚ ತೆಗೆಯಲು ಅನುಮತಿಸಬೇಕು. ಉಳಿದದ್ದೆಲ್ಲ ಸಮಿತಿಯ ಆಸ್ತಿ. ಹುಳಿಯಾಗಿದ್ದರೆ ಮಜ್ಜಿಗೆಹುಳಿಗೆ ಆಗುತ್ತದೆ.

(ಇ) ಆ ಚಮಚವನ್ನು ಅಲ್ಲಿಯೇ, ಅರ್ಜಿದಾರಳು ತರುವ ಬೆಚ್ಚಗಿನ ಹಾಲಿಗೆ ಹಾಕಿ, ಕಥೆಯ ಉಳಿದ ಭಾಗವನ್ನು ಮಡಿಲಲ್ಲೇ ಹೇಳಿ ಮುಗಿಸಲು ಅವಕಾಶ ಕೊಡಬೇಕು. ತಾವು ಯಂತ್ರ ಹಿಡಿದು ಉಷ್ಣತೆ ನೋಡುತ್ತಲೇ ಇರಬಹುದು.

(ಈ) ಇರಾಳ ಹೂಂ ಒಳಮುಖವಾದ್ದರಿಂದ, ಎಮ್ಮೆಯ ಪರವಾಗಿ ಒಂದು ಹೊರಮುಖ ಹೂಂ ಬೇಕಾಗಿದೆ. ಬಳಗದಲ್ಲಿ ಅಂಥ ಹೂಂ ದಾಖಲಾಗಿರುವುದು ತಮ್ಮ ಹೆಸರಿನಲ್ಲಿ ಮಾತ್ರ. ಸ್ಟೂಲನ್ನು ಕಾದಿರಿಸಲಾಗಿದೆ.

ಈ ನಾಲ್ಕನ್ನೂ ಕೊಡಲಾಗದಿದ್ದರೆ (ಆ) ಒಂದನ್ನಾದರೂ ಕೊಡಬೇಕು. ಅದನ್ನೂ ಕೊಡಲಾಗದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು; ಅರ್ಜಿದಾರಳು ಅದನ್ನು ಖಾಲಿ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಾಳೆ.

ತಮ್ಮ ವಿಶ್ವಾಸಿ, ಮೊಸರಿಲ್ಲದೆ ಒಂಬತ್ತನೆಯ ದಿನ,
ಸಿಂಧೂರ

ಅಡಕಗಳು:
1) 412 ಗೀಟುಗಳ ರಟ್ಟು (ಹಿಂಬದಿಯಲ್ಲಿ ಎಮ್ಮೆ, ಹೊಟ್ಟೆಗಳು ನಾಲ್ಕು, ಚಂದ್ರ ಒಂದು).
2) ಫ್ರಿಡ್ಜಿನ ಬಾಗಿಲ ಸೂಚನೆಯ ಫೋಟೊ, ನಗುವ ಮುಖದ ಸಮೇತ.
3) ಡಬ್ಬಿ, ತೊಳೆದು ಒರೆಸಿದ್ದು. ದಯವಿಟ್ಟು ವಾಪಸು ಕೊಡುವುದು, ಖಾಲಿ ಬೇಡ.

ಪ್ರತಿ: ಕುಮಾರಿ ಇರಾ, ಎರಡನೆಯ ತರಗತಿ, ಮಾಹಿತಿಗಾಗಿ ಮತ್ತು ತಪ್ಪು ಹುಡುಕುವುದಕ್ಕಾಗಿ.

ತೀರ್ಪುಗಾರರು ತುಂಬಬೇಕಾದ ಭಾಗ:
ಈ ಅರ್ಜಿಯನ್ನು ಓದುವಾಗ ನಾನು ಹೂಂ ಅಂದದ್ದು ........ ಸಲ.
ಉಸಿರು: ಒಳಗೆ / ಹೊರಗೆ (ಅನ್ವಯಿಸದ್ದನ್ನು ಹೊಡೆದುಹಾಕಿ).
ಹೊರಗೆ ಎಂದಾದಲ್ಲಿ, ಇಂದು ಊಟದ ನಂತರ ಒಮ್ಮೆ ಕಿಟಕಿಯ ಪರದೆ ಸರಿಸಿ ಆಕಾಶವನ್ನು ನೋಡಿ, ಕಂಡದ್ದನ್ನು ಇಲ್ಲಿ ನಮೂದಿಸುವುದು: ........................